ಕಾಯುವ ಹೊತ್ತಿಗೆ ಕೂಲಿ ಉಂಟೆ?

(ಹೋಟೆಲಿನ ಊಟವನ್ನು ಸೈಕಲ್ ಮೇಲೆ ಮನೆಗಳಿಗೆ ತಲುಪಿಸುವವರ ಸಂಪಾದನೆಯನ್ನು ಕುರಿತು ಮಾಡಿದ ಉಪನ್ಯಾಸದ ಬರಹರೂಪ)



ಕನ್ನಡದಲ್ಲಿ ‘ಕಾಯು’ ಎಂಬ ಪುಟ್ಟ ಕ್ರಿಯಾಪದವೊಂದಿದೆ. ಅದಕ್ಕೆ ಮೂರು ಅರ್ಥ. ಹಾಲು ಕಾಯುತ್ತದೆ, ಅಂದರೆ ಬಿಸಿಯಾಗುತ್ತದೆ. ರೈತ ಹೊಲ ಕಾಯುತ್ತಾನೆ, ಅಂದರೆ ರಕ್ಷಿಸುತ್ತಾನೆ. ನಾವು ಬಸ್ಸಿಗೆ ಕಾಯುತ್ತೇವೆ, ಅಂದರೆ ಎದುರು ನೋಡುತ್ತೇವೆ. ಹೋಟೆಲಿನಿಂದ ಮನೆಗಳಿಗೆ ಸೈಕಲ್ ಮೇಲೆ ಊಟ ಒಯ್ಯುವವನ ಕೆಲಸದಲ್ಲಿ ಈ ಮೂರೂ ಅರ್ಥಗಳು ಕೂಡಿಕೊಂಡಿವೆ. ಊಟದ ಬಿಸಿ ಆರಬಾರದು. ಪೊಟ್ಟಣ ಚೆಲ್ಲಬಾರದು, ಸೈಕಲ್ ಕಳುವಾಗಬಾರದು. ಹೋಟೆಲಿನ ಬಾಗಿಲಲ್ಲಿ, ಬಹುಮಹಡಿ ಕಟ್ಟಡದ ಕೆಳಗೆ, ಮುಂದಿನ ಕರೆ ಬರುವ ತನಕ ಬೀದಿಯ ಬದಿಯಲ್ಲಿ ನಿಂತಿರಬೇಕು.

ಪೆಡಲು ತುಳಿದದ್ದಕ್ಕೆ ಕೂಲಿ ಸಿಗಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ನಿಂತು ಕಾದ ಹೊತ್ತಿಗೆ ಕೂಲಿ ಉಂಟೆ? ಉಂಟಾದರೆ ಅದನ್ನು ಕೊಡತಕ್ಕವರು ಯಾರು? ಈ ಒಂದು ಪ್ರಶ್ನೆಯನ್ನು ಹಿಡಿದು ನಿಮ್ಮ ಮುಂದೆ ಕೆಲವು ಸಂಗತಿಗಳನ್ನು ಇಡುತ್ತೇನೆ. ಹೆಚ್ಚಿನವು ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಸಂಬಂಧಿಸಿದವು. ಏಕೆಂದರೆ ಈ ಪ್ರಶ್ನೆಗೆ ಲೆಕ್ಕ ಹಾಕಿ, ಅಂಕಿಯಲ್ಲಿ ಬರೆದು ಉತ್ತರ ಕೊಟ್ಟ ಕೆಲವೇ ಊರುಗಳಲ್ಲಿ ಅದು ಮುಖ್ಯವಾದದ್ದು.

ಹಳೆಯ ಪದ್ಧತಿ

ಊಟವನ್ನು ಉಣ್ಣುವವನಿದ್ದಲ್ಲಿಗೆ ಒಯ್ಯುವುದು ಹೊಸ ಉದ್ಯೋಗವೇನೂ ಅಲ್ಲ. ಜಪಾನಿನಲ್ಲಿ ಇದಕ್ಕೆ ‘ದೆಮಾಯೆ’ ಎಂಬ ಹೆಸರಿದೆ. ಕಳೆದ ಶತಮಾನದ ಮಧ್ಯಭಾಗದ ಟೋಕಿಯೊದಲ್ಲಿ, ಒಂದು ಕೈಯಲ್ಲಿ ಸೈಕಲ್ಲಿನ ಹಿಡಿ ಹಿಡಿದು, ಇನ್ನೊಂದು ಕೈಯಿಂದ ಹೆಗಲ ಮೇಲೆ ಶಾವಿಗೆ ಊಟದ ತಟ್ಟೆಗಳ ಗೋಪುರವನ್ನೇ ಹೊತ್ತು ಸಾಗುತ್ತಿದ್ದ ಹುಡುಗರ ಛಾಯಾಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಹುಡುಗ ಅಂಗಡಿಯ ಆಳು. ಒಯ್ಯುವ ಕೆಲಸ ಇಲ್ಲದಿದ್ದಾಗ ಪಾತ್ರೆ ತೊಳೆಯುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ. ಕಾಯುವ ಹೊತ್ತು ಸಂಬಳದೊಳಗೇ ಅಡಗಿತ್ತು.

ನಮ್ಮ ಮುಂಬಯಿಯ ಡಬ್ಬಾವಾಲರು ಇನ್ನೊಂದು ಬಗೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಅವರು ಆರಂಭಿಸಿದರೆನ್ನಲಾದ ಈ ವ್ಯವಸ್ಥೆಯಲ್ಲಿ ಸಾಗುವುದು ಹೆಚ್ಚಾಗಿ ಮನೆಯ ಊಟ. ಅಲ್ಲಿ ಸೈಕಲ್ಲೂ ಇದೆ, ಲೋಕಲ್ ರೈಲೂ ಇದೆ. ಗಿರಾಕಿ ಕೊಡುವುದು ತಿಂಗಳ ಹಣ. ರೈಲು ತಡವಾಗಿ ಡಬ್ಬಾವಾಲ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತರೂ ತಿಂಗಳ ಕೊನೆಯ ಹಣದಲ್ಲಿ ಕಡಿತವಿಲ್ಲ. ನಮ್ಮೂರುಗಳಲ್ಲಿದ್ದ ತಿಂಗಳ ಲೆಕ್ಕದ ‘ಕ್ಯಾರಿಯರ್ ಊಟ’ವೂ ಇದೇ ಜಾತಿಯದು.

ಈ ಹಳೆಯ ಪದ್ಧತಿಗಳಲ್ಲಿ ಎಲ್ಲವೂ ಸುಖವಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕೆಲಸವನ್ನು ಒಂದು ಪೂರ್ತಿ ದಿನವೆಂದೋ ಪೂರ್ತಿ ತಿಂಗಳೆಂದೋ ಎಣಿಸುತ್ತಿದ್ದರು. ಅದನ್ನು ನಿಮಿಷಗಳಾಗಿ ಕತ್ತರಿಸಿ, ಬೇಕಾದ ತುಂಡಿಗೆ ಮಾತ್ರ ಹಣ ಕೊಡುವ ಉಪಾಯ ಆಗ ಯಾರಿಗೂ ಸುಲಭವಿರಲಿಲ್ಲ.

ನ್ಯೂಯಾರ್ಕಿನ ಚೀನೀ ಹೋಟೆಲುಗಳು

ನ್ಯೂಯಾರ್ಕಿನಲ್ಲಿ ಈ ಉದ್ಯೋಗ ಬೆಳೆದದ್ದು ಮುಖ್ಯವಾಗಿ ಚೀನೀ ಹೋಟೆಲುಗಳ ಮೂಲಕ. 1970ರ ದಶಕದ ಉತ್ತರಾರ್ಧದಲ್ಲಿ ಮ್ಯಾನ್‌ಹಟನ್‌ನ ‘ಎಂಪೈರ್ ಸೆಚುವಾನ್’ ಹೋಟೆಲು ತನ್ನ ತಿನಿಸುಗಳ ಪಟ್ಟಿಯನ್ನು ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸಿ, ದೂರವಾಣಿಯಲ್ಲಿ ಹೇಳಿದರೆ ಊಟವನ್ನು ಮನೆಗೇ ಕಳುಹಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಉಳಿದವರೂ ಅದೇ ದಾರಿ ಹಿಡಿದರು. ವಾಹನ ನಿಲ್ಲಿಸಲು ಸ್ಥಳವಿಲ್ಲದ ಆ ಊರಿನಲ್ಲಿ ಸೈಕಲ್ಲಿಗಿಂತ ಅನುಕೂಲದ ಸಾಧನ ಮತ್ತೊಂದಿರಲಿಲ್ಲ.

ಸವಾರರು ಹೆಚ್ಚಾಗಿ ಚೀನಾದಿಂದ ಬಂದ ವಲಸಿಗರು. ಹಲವರ ಬಳಿ ಕಾಗದಪತ್ರಗಳಿರಲಿಲ್ಲ. ಹೋಟೆಲು ಕೊಡುತ್ತಿದ್ದದ್ದು ಅತ್ಯಲ್ಪ ಸಂಬಳ, ಜೀವನ ಸಾಗುತ್ತಿದ್ದದ್ದು ಗಿರಾಕಿಗಳ ಭಕ್ಷೀಸಿನಿಂದ. 2005ರ ಏಪ್ರಿಲ್ ತಿಂಗಳಲ್ಲಿ ಬ್ರಾಂಕ್ಸ್ ಭಾಗದ ಎತ್ತರದ ಕಟ್ಟಡವೊಂದಕ್ಕೆ ಊಟ ಕೊಟ್ಟು ಹಿಂತಿರುಗುತ್ತಿದ್ದ ಸವಾರನೊಬ್ಬ ಲಿಫ್ಟಿನಲ್ಲಿ ಸಿಕ್ಕಿಬಿದ್ದು ಮೂರು ದಿನಗಳಿಗೂ ಹೆಚ್ಚು ಕಾಲ ಒಳಗೇ ಇದ್ದ. ಅವನ ಸೈಕಲ್ ಸಿಕ್ಕಿತು, ಅವನು ಸಿಗಲಿಲ್ಲ. ಯಾರೋ ಕೊಲೆ ಮಾಡಿರಬೇಕೆಂದು ಶಂಕಿಸಿ ಪೊಲೀಸರು ಊರೆಲ್ಲ ಹುಡುಕುತ್ತಿದ್ದಾಗ ಅವನು ಅದೇ ಕಟ್ಟಡದೊಳಗೆ ಜೀವ ಹಿಡಿದುಕೊಂಡಿದ್ದ. ದಿನವೂ ಮನೆಬಾಗಿಲಿಗೆ ಬರುವ ಮನುಷ್ಯ ನಗರದ ಕಣ್ಣಿಗೆ ಎಷ್ಟರಮಟ್ಟಿಗೆ ಕಾಣದವನಾಗಿದ್ದ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

2007ರಲ್ಲಿ ‘ಸೈಗಾನ್ ಗ್ರಿಲ್’ ಎಂಬ ಹೋಟೆಲಿನ ಸವಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಸಂಬಳವನ್ನು ದುಡಿದ ಹೊತ್ತಿನಿಂದ ಭಾಗಿಸಿದರೆ ಗಂಟೆಗೆ 2 ಡಾಲರಿನ ಆಸುಪಾಸು ಬರುತ್ತಿತ್ತು. 2008ರ ಅಕ್ಟೋಬರಿನಲ್ಲಿ ತೀರ್ಪು ಬಂತು: 36 ಮಂದಿ ಸವಾರರಿಗೆ ಒಟ್ಟು 46 ಲಕ್ಷ ಡಾಲರು ಕೊಡಬೇಕು. ಅವರು ಹೋಟೆಲಿನ ನೌಕರರೆಂಬುದು ನಿರ್ವಿವಾದವಾಗಿದ್ದುದರಿಂದಲೇ ಕನಿಷ್ಠ ವೇತನದ ಕಾನೂನು ಅವರ ಕೈಹಿಡಿಯಿತು. ಗಂಟೆಯ ಲೆಕ್ಕವೆಂದರೆ ಕಾದ ಗಂಟೆಯೂ ಅದರಲ್ಲಿ ಸೇರಿತು.

ನಿಮಿಷಗಳನ್ನು ಕತ್ತರಿಸಿದ ಯಂತ್ರ

ಅಷ್ಟರಲ್ಲಿ ಕಾಲ ಬದಲಾಯಿತು. ಅಂತರಜಾಲದ ಮೂಲಕ ಊಟ ತರಿಸುವ ಕಂಪೆನಿಗಳು ಮೊದಮೊದಲು ಗಿರಾಕಿಯ ಬೇಡಿಕೆಯನ್ನು ಹೋಟೆಲಿಗೆ ಮುಟ್ಟಿಸುವ ದಲ್ಲಾಳಿಗಳಷ್ಟೇ ಆಗಿದ್ದವು. ಊಟ ಒಯ್ಯುವವನು ಹೋಟೆಲಿನವನೇ. 2013ರ ಅನಂತರ ಬಂದ ಡೋರ್‌ಡ್ಯಾಶ್, ಉಬರ್ ಈಟ್ಸ್‌ನಂತಹ ಕಂಪೆನಿಗಳು ಸವಾರರನ್ನೂ ತಾವೇ ಕೂಡಿಸತೊಡಗಿದವು. ಆದರೆ ನೌಕರರೆಂದು ಅಲ್ಲ, ‘ಸ್ವತಂತ್ರ ಗುತ್ತಿಗೆದಾರ’ರೆಂದು. ಸೈಕಲ್, ಮೊಬೈಲು, ರಿಪೇರಿ ಎಲ್ಲವೂ ಸವಾರನದೇ. ಹಣ ಒಂದೊಂದು ಊಟಕ್ಕೆ ಇಷ್ಟೆಂದು.

ಇದರ ಮರ್ಮ ತಿಳಿಯಲು ಲಂಡನ್ನಿನ ಒಂದು ಪ್ರಸಂಗ ನೋಡೋಣ. ಅಲ್ಲಿ ಡೆಲಿವರೂ ಕಂಪೆನಿ ಸವಾರರಿಗೆ ಗಂಟೆಗೆ 7 ಪೌಂಡು, ಜೊತೆಗೆ ಪ್ರತಿ ಊಟಕ್ಕೆ 1 ಪೌಂಡು ಕೊಡುತ್ತಿತ್ತು. 2016ರ ಆಗಸ್ಟಿನಲ್ಲಿ ಗಂಟೆಯ ಲೆಕ್ಕ ಬಿಟ್ಟು ಪ್ರತಿ ಊಟಕ್ಕೆ 3.75 ಪೌಂಡು ಕೊಡುವ ಪದ್ಧತಿಯನ್ನು ಪ್ರಯೋಗಕ್ಕೆ ತರಹೊರಟಿತು. ಸವಾರರು ಮುಷ್ಕರ ಹೂಡಿದರು. ಮೇಲುನೋಟಕ್ಕೆ 3.75 ಎಂಬುದು 1ಕ್ಕಿಂತ ದೊಡ್ಡದು. ಲೆಕ್ಕ ಹಾಕಿ. ಗಂಟೆಯಲ್ಲಿ ನಾಲ್ಕು ಊಟ ಸಿಕ್ಕರೆ ಹಳೆಯ ಪದ್ಧತಿಯಲ್ಲಿ 11 ಪೌಂಡು, ಹೊಸದರಲ್ಲಿ 15. ಲಾಭವೇ. ಎರಡು ಸಿಕ್ಕರೆ ಹಳೆಯದರಲ್ಲಿ 9, ಹೊಸದರಲ್ಲಿ ಏಳೂವರೆ. ಒಂದೇ ಸಿಕ್ಕರೆ ಹಳೆಯದರಲ್ಲಿ 8, ಹೊಸದರಲ್ಲಿ 3.75. ಏನೂ ಸಿಗದಿದ್ದರೆ ಹಳೆಯದರಲ್ಲಿ 7, ಹೊಸದರಲ್ಲಿ ಸೊನ್ನೆ. ಅಂದರೆ ವ್ಯಾಪಾರ ಮಂದವಾದಾಗ ಅಂಗಡಿಯವನಿಗೆ ಆಗಬೇಕಾದ ನಷ್ಟ ಸೈಕಲ್ ತುಳಿಯುವವನ ಹೆಗಲಿಗೆ ದಾಟಿತು. ಹೆಚ್ಚು ಸವಾರರು ರಸ್ತೆಯಲ್ಲಿ ಕಾದಷ್ಟೂ ಗಿರಾಕಿಗೆ ಊಟ ಬೇಗ ಸಿಗುತ್ತದೆ, ಆದರೆ ಆ ಕಾಯುವಿಕೆಗೆ ಕಂಪೆನಿಗೆ ಕಾಸೂ ಖರ್ಚಿಲ್ಲ. ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ಹರಡಿದ್ದು ಈ ಬಿಡಿಗೂಲಿಯ ಪದ್ಧತಿಯೇ.

ಸೇತುವೆ ಕಾದವರು

2020ರಲ್ಲಿ ಕೋವಿಡ್ ಬಂದಾಗ ನ್ಯೂಯಾರ್ಕಿನ ಹೋಟೆಲುಗಳು ಒಳಗಿನ ಮೇಜುಗಳನ್ನು ಮುಚ್ಚಿದವು. ಊರು ಮನೆಯೊಳಗೆ ಕುಳಿತಿತು, ಸವಾರರು ಬೀದಿಯಲ್ಲಿದ್ದರು. ಈ ವೇಳೆಗೆ ಅವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾಗಳಿಂದ ಬಂದವರ ಸಂಖ್ಯೆ ದೊಡ್ಡದಿತ್ತು, ಹಲವರು ಬ್ಯಾಟರಿ ಸೈಕಲ್ಲಿಗೆ ಬದಲಾಗಿದ್ದರು. ಆ ಸೈಕಲ್ಲನ್ನು ಓಡಿಸುವುದೇ 2020ರವರೆಗೆ ಅಲ್ಲಿ ಕಾನೂನುಬಾಹಿರವಾಗಿತ್ತು, ಸಿಕ್ಕಿಬಿದ್ದರೆ 500 ಡಾಲರು ದಂಡ. ಊರಿಗೆ ಊಟ ಬೇಕಿತ್ತು, ಒಯ್ಯುವವನ ಸೈಕಲ್ ಮಾತ್ರ ಅಪರಾಧವಾಗಿತ್ತು.

ಊಟ ತೆಗೆದುಕೊಳ್ಳಲು ಹೋದ ಹೋಟೆಲಿನಲ್ಲಿ ಶೌಚಾಲಯಕ್ಕೆ ಬಿಡುತ್ತಿರಲಿಲ್ಲ ಎಂಬುದು ಸವಾರರ ಮೊದಲ ದೂರುಗಳಲ್ಲೊಂದು. ಎರಡನೆಯದು ದರೋಡೆ. ಮ್ಯಾನ್‌ಹಟನ್ನಿನಿಂದ ಬ್ರಾಂಕ್ಸ್‌ಗೆ ಹೋಗುವ ವಿಲ್ಲಿಸ್ ಅವೆನ್ಯೂ ಸೇತುವೆಯ ಮೇಲೆ ರಾತ್ರಿ ಮನೆಗೆ ಮರಳುವ ಸವಾರರನ್ನು ಅಡ್ಡಗಟ್ಟಿ ಸೈಕಲ್ ಕಿತ್ತುಕೊಳ್ಳುತ್ತಿದ್ದರು. ಕೊನೆಗೆ ಸವಾರರೇ ಸರದಿಯ ಮೇಲೆ ನಿಂತು ಆ ಸೇತುವೆಯನ್ನು ಕಾದರು. ದುಡಿದು ದಣಿದ ಮೇಲಿನ ಈ ಕಾವಲಿಗೂ ಕೂಲಿ ಇರಲಿಲ್ಲ. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಮಳೆಯಿಂದ ಬೀದಿಗಳು ಹೊಳೆಯಾದಾಗಲೂ, ಸೊಂಟದ ಮಟ್ಟದ ನೀರಿನಲ್ಲಿ ಊಟದ ಚೀಲ ಹಿಡಿದು ಸೈಕಲ್ ತಳ್ಳುತ್ತಿದ್ದ ಸವಾರನ ದೃಶ್ಯವನ್ನು ಜಗತ್ತೆಲ್ಲ ನೋಡಿತು.

ಅಷ್ಟರಲ್ಲಿ ಅವರು ‘ಲಾಸ್ ಡೆಲಿವರಿಸ್ತಾಸ್ ಯುನಿದೋಸ್’ ಎಂಬ ಸಂಘಟನೆ ಕಟ್ಟಿಕೊಂಡಿದ್ದರು. 2020ರ ಅಕ್ಟೋಬರಿನಲ್ಲಿ ಮೊದಲ ಮೆರವಣಿಗೆ. 2021ರ ಏಪ್ರಿಲ್‌ನಲ್ಲಿ ಸಾವಿರಾರು ಸೈಕಲ್ಲುಗಳ ಇನ್ನೊಂದು. 2021ರ ಸೆಪ್ಟೆಂಬರಿನಲ್ಲಿ ನಗರಸಭೆ ಹಲವು ಕಾನೂನುಗಳನ್ನು ಅಂಗೀಕರಿಸಿತು. ಊಟ ಒಯ್ಯಲು ಬಂದವನಿಗೆ ಹೋಟೆಲು ಶೌಚಾಲಯ ಬಳಸಲು ಬಿಡಬೇಕು. ಎಷ್ಟು ದೂರ ಹೋಗುತ್ತೇನೆ, ಯಾವ ಸೇತುವೆ ದಾಟುವುದಿಲ್ಲ ಎಂಬುದನ್ನು ಸವಾರನೇ ನಿರ್ಧರಿಸಬಹುದು. ವಾರಕ್ಕೊಮ್ಮೆಯಾದರೂ ಹಣ ಪಾವತಿಯಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕನಿಷ್ಠ ಕೂಲಿಯ ದರವನ್ನು ನಗರದ ಗ್ರಾಹಕ ಮತ್ತು ಕಾರ್ಮಿಕ ಸಂರಕ್ಷಣಾ ಇಲಾಖೆ ಅಧ್ಯಯನ ಮಾಡಿ ಗೊತ್ತುಪಡಿಸಬೇಕು.

ಲೆಕ್ಕ ಹೇಗೆ ಹಾಕಿದರು?

2022ರಲ್ಲಿ ಇಲಾಖೆಯ ವರದಿ ಬಂತು. ನಗರದಲ್ಲಿ ಇಂತಹ ಕೆಲಸಗಾರರು 60,000ಕ್ಕೂ ಹೆಚ್ಚು. ಭಕ್ಷೀಸು ಬಿಟ್ಟರೆ ಗಂಟೆಗೆ ಸಿಗುತ್ತಿದ್ದದ್ದು ಸರಾಸರಿ 7.09 ಡಾಲರು. ಸೈಕಲ್, ಬ್ಯಾಟರಿ, ಮೊಬೈಲುಗಳ ಖರ್ಚು ಕಳೆದರೆ ಉಳಿಯುವುದು ಸುಮಾರು 4 ಡಾಲರು. ಆ ನಗರದ ಸಾಮಾನ್ಯ ಕನಿಷ್ಠ ವೇತನ ಆಗ 15 ಡಾಲರಿತ್ತು. ಗಂಟೆಯ ಅರವತ್ತು ನಿಮಿಷಗಳಲ್ಲಿ ಊಟ ತರುವ, ಕೊಡುವ ಓಡಾಟಕ್ಕೆ ಸುಮಾರು 36 ನಿಮಿಷ, ಉಳಿದ 24 ನಿಮಿಷ ಕಾಯುವಿಕೆ.

ಈ 24 ನಿಮಿಷಗಳೇ ನಮ್ಮ ಪ್ರಶ್ನೆಯ ತಿರುಳು. 2023ರ ಜೂನ್‌ನಲ್ಲಿ ಇಲಾಖೆ ಭಕ್ಷೀಸು ಬಿಟ್ಟು ಗಂಟೆಗೆ 17.96 ಡಾಲರಿನ ದರ ಘೋಷಿಸಿತು. ಅದನ್ನು ಎರಡು ಬಗೆಯಲ್ಲಿ ಕೊಡಬಹುದು. ಒಂದು, ಓಡಾಟಕ್ಕೂ ಕಾಯುವಿಕೆಗೂ ಸೇರಿಸಿ ಎಲ್ಲ ನಿಮಿಷಗಳಿಗೆ ಈ ದರ. ಎರಡು, ಓಡಾಟದ ನಿಮಿಷಗಳಿಗೆ ಮಾತ್ರ ಹಣ. ಆದರೆ ಆಗ ನಿಮಿಷಕ್ಕೆ ಸುಮಾರು 50 ಸೆಂಟು ಕೊಡಬೇಕು. 36 ನಿಮಿಷವನ್ನು 50 ಸೆಂಟಿನಿಂದ ಗುಣಿಸಿ ನೋಡಿ, 18 ಡಾಲರು. ಕಾದ ಹೊತ್ತಿನ ಬೆಲೆಯನ್ನು ಓಡಿದ ಹೊತ್ತಿನೊಳಗೆ ಮಡಚಿಟ್ಟ ಜಾಣತನ ಇದು.

ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು, ಜಾರಿ ತಡವಾಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ದರ ಜಾರಿಗೆ ಬಂತು. 2024ರ ಏಪ್ರಿಲ್‌ನಲ್ಲಿ ಅದು 19.56 ಡಾಲರಾಯಿತು, 2025ರ ಏಪ್ರಿಲ್‌ನಲ್ಲಿ 21.44.

ಅಲ್ಲಿಗೆ ಕಥೆ ಸುಖಾಂತವಾಯಿತೆ? ಪೂರ್ತಿ ಇಲ್ಲ. ಕಾಯುವಿಕೆಗೆ ಬೆಲೆ ಬಂದೊಡನೆ ಕಂಪೆನಿಗಳು ಕಾಯುವವರ ಸಂಖ್ಯೆಯನ್ನೇ ಹಿಡಿತದಲ್ಲಿಡತೊಡಗಿದವು. ಇಷ್ಟಬಂದಾಗ ಕೆಲಸಕ್ಕೆ ಇಳಿಯುತ್ತಿದ್ದ ಸವಾರ ಆ್ಯಪ್ ತೆರೆದರೆ ಈಗ ಜಾಗವಿಲ್ಲ ಎಂಬ ಉತ್ತರ ಕಾಣುವುದೂ ಉಂಟು. ಗಿರಾಕಿಗಳ ಮೇಲೆ ಹೆಚ್ಚುವರಿ ಶುಲ್ಕ ಬಿತ್ತು. ಭಕ್ಷೀಸು ಕೇಳುವ ಜಾಗವನ್ನು ಊಟ ತಲುಪಿದ ನಂತರಕ್ಕೆ ತಳ್ಳಿದ್ದರಿಂದ ಭಕ್ಷೀಸು ಇಳಿಯಿತು. ಬ್ಯಾಟರಿ ಸೈಕಲ್ಲಿನ ಅಪಾಯವೂ ಉಳಿದಿದೆ: 2023ರಲ್ಲಿ ಆ ನಗರದಲ್ಲಿ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಮಂದಿ ಬಲಿಯಾದರು. ಇಷ್ಟಾದರೂ ಒಂದು ಮಾತು ಸ್ಪಷ್ಟ. ಕಾಯುವಿಕೆಯನ್ನು ಕಡಿಮೆ ಮಾಡಲು ಕಂಪೆನಿಗೆ ಸಾಧ್ಯವಿತ್ತು. ಅದು ಬಿಟ್ಟಿಯಾಗಿರುವ ತನಕ ಆ ಅಗತ್ಯ ಕಾಣಲಿಲ್ಲ, ಅಷ್ಟೆ.

ನಮ್ಮ ಮನೆಬಾಗಿಲಲ್ಲಿ

ಇಷ್ಟು ದೂರದ ಊರಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. 2014ರಲ್ಲಿ ಸ್ವಿಗ್ಗಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಇಲ್ಲಿಯ ಸವಾರರಲ್ಲಿ ಹೆಚ್ಚಿನವರು ಸ್ಕೂಟರು, ಬೈಕುಗಳಲ್ಲಿದ್ದರೂ ಸೈಕಲ್ ತುಳಿಯುವವರೂ ಇದ್ದಾರೆ. ನೀತಿ ಆಯೋಗದ 2022ರ ವರದಿಯ ಪ್ರಕಾರ, ಊಟ ಒಯ್ಯುವವರನ್ನೂ ಒಳಗೊಂಡು ಇಂತಹ ಬಿಡಿಗೆಲಸದವರು ದೇಶದಲ್ಲಿ 2020–21ರಲ್ಲಿ 77 ಲಕ್ಷವಿದ್ದರು; 2029–30ರ ವೇಳೆಗೆ 2.35 ಕೋಟಿಯಾಗಬಹುದೆಂಬ ಅಂದಾಜಿದೆ.

ಕರ್ನಾಟಕ ಸರ್ಕಾರ 2025ರಲ್ಲಿ ಈ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ, ಮೊದಲು ಸುಗ್ರೀವಾಜ್ಞೆಯಾಗಿ ಅನಂತರ ಶಾಸನವಾಗಿ, ಒಂದು ಕಾನೂನು ತಂದಿತು. ಕಂಪೆನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸಿ ಕಾರ್ಮಿಕರಿಗಾಗಿ ನಿಧಿ ಕಟ್ಟಲು, ಕಾರಣ ಬರೆದು ತಿಳಿಸದೆ ಹಾಗೂ 14 ದಿನಗಳ ಮುನ್ಸೂಚನೆ ಇಲ್ಲದೆ ಕೆಲಸದಿಂದ ತೆಗೆಯುವುದನ್ನು ತಡೆಯಲು ಅದರಲ್ಲಿ ಅವಕಾಶವಿದೆ. ಇದು ದೊಡ್ಡ ಹೆಜ್ಜೆಯೇ ಸರಿ. ಬಿದ್ದು ಕಾಲು ಮುರಿದವನಿಗೆ ನಿಧಿ ಬೇಕೇ ಬೇಕು. ಆದರೆ ಬೀಳದೆ ಇಡೀ ದಿನ ಹೋಟೆಲಿನ ಮುಂದೆ ನಿಂತವನ ಗಂಟೆಗೆ ಎಷ್ಟು ಎಂಬ ಲೆಕ್ಕವನ್ನು, ನ್ಯೂಯಾರ್ಕಿನಲ್ಲಿ ಹಾಕಿದಂತೆ, ಈ ಕಾನೂನು ಹಾಕಿಲ್ಲ.

ಆ ಲೆಕ್ಕವನ್ನು ನಾವೂ ಹಾಕಬೇಕಾಗುತ್ತದೆ. ಹಾಕಿದಾಗ ನಮ್ಮ ಊಟದ ಬಿಲ್ಲಿನಲ್ಲಿ ಕೆಲವು ರೂಪಾಯಿ ಹೆಚ್ಚಬಹುದು, ಕೆಲವರಿಗೆ ಕೆಲಸ ಸಿಗುವುದು ಕಷ್ಟವೂ ಆಗಬಹುದು. ಅದನ್ನು ಮುಚ್ಚಿಡದೆ ಚರ್ಚಿಸುವುದೇ ಒಳ್ಳೆಯದು. ಊಟ ಹತ್ತು ನಿಮಿಷ ತಡವಾದರೆ ನಾವು ಫೋನಿನ ಪರದೆ ನೋಡುತ್ತ ಚಡಪಡಿಸುತ್ತೇವೆ, ಕಾಯುವುದು ಕಷ್ಟ ಎನ್ನುತ್ತೇವೆ. ಕಷ್ಟವೆಂದು ನಮಗೆ ಗೊತ್ತಿರುವ ಕೆಲಸಕ್ಕೆ ಕೂಲಿ ಕೊಡಬೇಕೆಂಬುದನ್ನು ಒಪ್ಪಿಕೊಳ್ಳಲು ದೊಡ್ಡ ಸಿದ್ಧಾಂತವೇನೂ ಬೇಕಾಗಿಲ್ಲ.