ಒಂದಕ್ಷರ ತಪ್ಪಿದರೆ ರಕ್ತವೇ ಕೆಡುತ್ತದೆ!

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



'ಅವನು ಗಿಡವ ನೆಟ್ಟನು.' ಮೂರು ಪದ, ಪ್ರತಿ ಪದಕ್ಕೂ ಮೂರೇ ಅಕ್ಷರ. 'ನೆ' ತೆಗೆದು 'ಸು' ಹಾಕಿ. 'ಅವನು ಗಿಡವ ಸುಟ್ಟನು!' ಬದಲಾದದ್ದು ಒಂದೇ ಅಕ್ಷರ, ನೆಟ್ಟವನು ಸುಟ್ಟವನಾದ!

ನಮ್ಮ ಜೀವಕೋಶದೊಳಗೂ ಇಂಥ ಬರಹವಿದೆ. ಅದೇ ಡಿಎನ್‌ಎ. ಅದಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಪದಗಳ ನಡುವೆ ಜಾಗವಿಲ್ಲ. ಜೀವಕೋಶ ಅದರ ನಕಲು ತೆಗೆದು, ಮೂರು ಮೂರು ಅಕ್ಷರ ಎಣಿಸುತ್ತಾ ಓದುತ್ತದೆ. ಒಟ್ಟು 64 ಪದ. 61 ಪದಗಳು ಯಾವ ಅಮೈನೋ ಆಮ್ಲ ಪೋಣಿಸಬೇಕೆಂದು ಹೇಳುತ್ತವೆ. ಉಳಿದ 3 ಪದಗಳ ಅರ್ಥ 'ನಿಲ್ಲಿಸು'. ಪೋಣಿಸಿದ ಸರವೇ ಪ್ರೋಟೀನು. ಈ ಭಾಷೆಯನ್ನು ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಹರಗೋಬಿಂದ್ ಖೊರಾನಾ ಒಬ್ಬರು.

ರಕ್ತದ ಹಿಮೋಗ್ಲೋಬಿನ್ನನ್ನೇ ನೋಡಿ. ಅದರ ಬೀಟಾ ಸರದ 6ನೇ ಪದ ಜಿಎಜಿ. ನಡುವಿನ 'ಎ' ಹೋಗಿ 'ಟಿ' ಬಂತೆನ್ನಿ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಕೂರುತ್ತದೆ. ಈ ತಪ್ಪು ತಂದೆ ತಾಯಿ ಇಬ್ಬರಿಂದಲೂ ಬಂದರೆ, ಆಮ್ಲಜನಕ ಕಡಿಮೆಯಾದಾಗ ಕೆಂಪುಕಣ ಕುಡುಗೋಲಿನಂತೆ ಬಾಗಿ ರಕ್ತನಾಳ ಕಟ್ಟುತ್ತದೆ. ತಡೆಯಲಾಗದ ನೋವು! ಇದೇ ಸಿಕಲ್ ಸೆಲ್ ರೋಗ. ಪ್ರೋಟೀನಿನಲ್ಲಿ ಈ ಒಂದೇ ಒಂದು ವ್ಯತ್ಯಾಸವನ್ನು 1957ರಲ್ಲಿ ಗುರುತಿಸಿದವರು ವೆರ್ನನ್ ಇನ್‌ಗ್ರಾಮ್.

ಅದೇ ಪದದ ಕೊನೆಯ 'ಜಿ' ಬದಲು 'ಎ' ಬಂದರೆ? ಅರ್ಥ ಬದಲಾಗದು. ಜಿಎಎ ಎಂದರೂ ಗ್ಲುಟಾಮಿಕ್ ಆಮ್ಲವೇ. ಎಲ್ಲ ತಪ್ಪೂ ರೋಗವಲ್ಲ.

ಇನ್ನೊಂದು ಬಗೆಯ ತಪ್ಪು ಇನ್ನೂ ಕ್ರೂರ. ನಮ್ಮ ವಾಕ್ಯದ ಮೊದಲ 'ವ' ಕಿತ್ತು, ಮತ್ತೆ ಮೂರು ಮೂರಾಗಿ ಓದಿ: 'ಅನುಗಿ ಡವನೆ ಟ್ಟನು'. ಅರ್ಥವುಂಟೆ? ಒಂದಕ್ಷರ ಹೆಚ್ಚಾದರೂ ಇದೇ ಗತಿ. ಅದೇ ಬೀಟಾ ಬರಹದ 8-9ನೇ ಪದಗಳಲ್ಲಿ ಒಂದು 'ಜಿ' ಹೆಚ್ಚಾಗುವುದು ಭಾರತದಲ್ಲಿ ಥಲಸ್ಸೀಮಿಯಾಕ್ಕೆ ಕಾರಣವಾಗುವ ಮುಖ್ಯ ತಪ್ಪುಗಳಲ್ಲೊಂದು. ಅಲ್ಲಿಂದಾಚೆ ಎಣಿಕೆ ತಪ್ಪಿ, ಸ್ವಲ್ಪದರಲ್ಲೇ 'ನಿಲ್ಲಿಸು' ಪದ ಎದುರಾಗುತ್ತದೆ. ಸರ ಅಲ್ಲಿಗೇ ತುಂಡು!

ಇದು ಶಾಪವಲ್ಲ, ಹೆತ್ತವಳ ತಪ್ಪೂ ಅಲ್ಲ. ಒಬ್ಬರಿಂದ ಮಾತ್ರ ಇದನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ತಮ್ಮಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ರಕ್ತಪರೀಕ್ಷೆ ಸಾಕು, ಮೊದಲೇ ತಿಳಿಯುತ್ತದೆ. ಮದುವೆಗೆ ಮುಂಚೆ ಜಾತಕ ತೋರಿಸುವ ನಾವು ರಕ್ತ ಯಾಕೆ ತೋರಿಸುವುದಿಲ್ಲ?

ತೀವ್ರ ಥಲಸ್ಸೀಮಿಯಾ ಇರುವ ಮಕ್ಕಳಿಗೆ ಕೆಲವೇ ವಾರಗಳಿಗೊಮ್ಮೆ ರಕ್ತ ಬೇಕು, ಅದೂ ವರ್ಷಗಟ್ಟಲೆ. ಅವರ ಬರಹ ತಿದ್ದಲು ನಮ್ಮಿಂದಾಗದು. ಗೆಳೆಯರೆ, ರಕ್ತ ಕೊಡಲು ಆಗುತ್ತದಲ್ಲ! ತೋಳು ಮಡಚಿ ಬನ್ನಿ.