ವಿಕೇಂದ್ರಿತ ಜಾಲಗಳ ಗುಣದೋಷ ವಿಚಾರ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಾಠಶಾಲೆಯಲ್ಲಿ ಶಬ್ದಮಣಿದರ್ಪಣವನ್ನೂ ಅಮರಕೋಶವನ್ನೂ ಓದಿದ ನನ್ನಂಥವನು ಗಣಕಯಂತ್ರದ ವಿಷಯವನ್ನು ಮಾತನಾಡಹೊರಟುದು ಕೆಲವರಿಗೆ ಸೋಜಿಗವೆನಿಸಬಹುದು. ಆದಕಾರಣ ಅದರ ನಿಮಿತ್ತವನ್ನು ಮೊದಲೇ ಅರಿಕೆ ಮಾಡುವೆನು. ಶ್ರೀಮಠದ ಗೋಷ್ಠಿಗಳಲ್ಲಿ ನಡೆದ ಉಪನ್ಯಾಸಗಳನ್ನು ನಮ್ಮ ತರುಣರು ಒಂದು ಕಂಪೆನಿಯ ಜಾಲತಾಣದಲ್ಲಿ ಏಳು ವರ್ಷಗಳ ಕಾಲ ಕೂಡಿಟ್ಟಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರ ದೂರವಾಣಿಯ ಸಂಖ್ಯೆ ಬದಲಾಗಲು, ಬೀಗದ ಕೈ ಕಳೆದಂತಾಯಿತು. ಕೆಲವು ದಿನಗಳಲ್ಲಿ ಆ ಪುಟವೇ ಕಾಣದಾಯಿತು. ಪತ್ರದ ಮೇಲೆ ಪತ್ರ ಬರೆದರೂ ಉತ್ತರ ಬರಲಿಲ್ಲ. ಲಿಂಗೈಕ್ಯರಾದ ನಮ್ಮ ವಿದ್ಯಾಗುರುಗಳ ಕಂಠಧ್ವನಿ ಅದರಲ್ಲಿಯೇ ಇದ್ದಿತು. ಬೇರೊಂದು ಪ್ರತಿಯನ್ನು ನಾವು ಯಾರೂ ತೆಗೆದಿಟ್ಟಿರಲಿಲ್ಲ. “ಸ್ವಾಮಿ, ಇನ್ನು ನಮ್ಮದೇ ಮನೆಯನ್ನು ಕಟ್ಟಿಕೊಳ್ಳೋಣ” ಎಂದು ತರುಣರು ಕೇಳಿದರು. ಇದರ ಗುಣದೋಷಗಳನ್ನು ತೂಗಿ ಹೇಳಬೇಕೆಂದು ಶ್ರೀಗುರುಗಳ ಅಪ್ಪಣೆಯಾಯಿತು.

ಫೇಸ್‌ಬುಕ್, ವಾಟ್ಸಾಪ್ ಮೊದಲಾದವುಗಳಲ್ಲಿ ಸಮಸ್ತರ ಮಾತೂ ಒಂದೇ ಕಂಪೆನಿಯ ಯಂತ್ರಾಗಾರಗಳ ಮೂಲಕ ಹರಿಯುವುದು. ಕಟ್ಟಳೆಯೂ ಅದರದೇ, ಕದವೂ ಅದರದೇ. ವಿಕೇಂದ್ರಿತ ಜಾಲವಾದರೋ ನಮ್ಮ ಸೀಮೆಯ ಕೆರೆಗಳ ಸಾಲಿನಂತೆ. ಪ್ರತಿಯೊಂದು ಊರಿಗೂ ತನ್ನ ಕೆರೆ, ತನ್ನ ಏರಿ, ತನ್ನ ತೂಬು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುವುದು. ಹಾಗೆಯೇ ಒಂದೊಂದು ಸಂಘವೂ ತನ್ನದೇ ಸರ್ವರನ್ನು ಇಟ್ಟುಕೊಂಡು, ಒಪ್ಪಿದ ಒಂದು ನಿಯಮದ ಮೂಲಕ ಮಿಕ್ಕವರೊಡನೆ ಮಾತು ಕಳುಹಿಸಿ ಮಾತು ಪಡೆಯುವುದು. ಜರ್ಮನಿಯ ಯೂಜೆನ್ ರಾಕ್ಕೊ ಎಂಬವರು 2016ರಲ್ಲಿ ಹೊರತಂದ ಮಸ್ಟೊಡಾನ್ ಈ ಬಗೆಯದು. ಇಂಥ ಜಾಲಗಳು ಅನುಸರಿಸುವ ‘ಆಕ್ಟಿವಿಟಿಪಬ್’ ಎಂಬ ನಿಯಮವನ್ನು ಜಾಗತಿಕ ಜಾಲದ ಒಕ್ಕೂಟವು 2018ರ ಜನವರಿಯಲ್ಲಿ ಅಂಗೀಕರಿಸಿತು.

ಇದರ ಮೊದಲನೆಯ ಗುಣವು ಸ್ವಾಧೀನತೆ. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ 2020ರಲ್ಲಿ ಕನ್ನಡದಿಂದಲೇ ಮೊದಲುಗೊಂಡ ‘ಕೂ’ ಕೂಡ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ನಮ್ಮ ನುಡಿಯವರೆಂಬ ಮಾತ್ರಕ್ಕೆ ಪರರ ಮನೆ ನಮ್ಮದಾಗದು. ಎರಡನೆಯ ಗುಣವು, ಒಂದೆಡೆ ಕೆಟ್ಟರೂ ಎಲ್ಲವೂ ಕೆಡದಿರುವುದು. ಇದಕ್ಕೆ ದೂರದ ನಿದರ್ಶನ ಬೇಡ. ಕಲ್ಯಾಣದ ವಿಪ್ಲವದ ಅನಂತರ ಶರಣರ ವಚನಗಳು ಒಂದೇ ಭಂಡಾರದಲ್ಲಿದ್ದು ಉಳಿದುವಲ್ಲ. ಮನೆಮನೆಯ, ಮಠಮಠದ ಓಲೆಗರಿಯ ಕಟ್ಟುಗಳಲ್ಲಿ ಚದುರಿಕೊಂಡಿದ್ದು ಉಳಿದುವು. ಫ. ಗು. ಹಳಕಟ್ಟಿಯವರು ಅವುಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮೂರನೆಯ ಗುಣವು, ಸಭೆಯ ಮರ್ಯಾದೆಯನ್ನು ಸಭೆಯವರೇ ಗೊತ್ತುಮಾಡಿಕೊಳ್ಳಬಹುದಾದುದು. ನಡುವೆ ಜಾಹೀರಾತುಗಾರನ ಕೂಗು ಇರಬೇಕಾದುದಿಲ್ಲ.

ಇನ್ನು ದೋಷಗಳನ್ನು ಮರೆಮಾಚದೆ ಹೇಳುವೆನು. ಓಲೆಗರಿಯ ನಿದರ್ಶನವೇ ದೋಷವನ್ನೂ ತೋರುವುದು. ಪ್ರತಿಕಾರರು ಹಲವರಾದುದರಿಂದ ಪಾಠಾಂತರಗಳು ಹುಟ್ಟಿದುವು, ಪ್ರಕ್ಷೇಪಗಳು ಸೇರಿದುವು, ಒಬ್ಬರ ವಚನಕ್ಕೆ ಇನ್ನೊಬ್ಬರ ಅಂಕಿತ ಬಂದಿತು; ತಿದ್ದುವ ಒಡೆಯನೊಬ್ಬನಿರಲಿಲ್ಲ. ಜಾಲದಲ್ಲಿಯೂ ಹೀಗೆಯೇ. ನಾನು ತಪ್ಪಾಗಿ ಬರೆದುದನ್ನು ನನ್ನ ಸರ್ವರಿನಲ್ಲಿ ಅಳಿಸಿದರೂ, ಅದಾಗಲೇ ಹೋಗಿ ಸೇರಿದ ಸರ್ವರುಗಳಲ್ಲೆಲ್ಲ ಅಳಿಯಿತೆಂಬ ಭರವಸೆಯಿಲ್ಲ.

ವದಂತಿಯ ವಿಷಯವು ಇದಕ್ಕಿಂತ ಘೋರವಾದುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿ, ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಿರಪರಾಧಿಯೊಬ್ಬನ ಪ್ರಾಣ ಹೋಯಿತು. ಆ ತಿಂಗಳಲ್ಲಿಯೇ ಆ ಕಂಪೆನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಬಾರದೆಂದು ಕಟ್ಟುಮಾಡಿತು. ಒಡೆಯನೊಬ್ಬನಿದ್ದುದರಿಂದ, ತಡವಾಗಿಯಾದರೂ, ಒಂದೇ ಅಪ್ಪಣೆ ಎಲ್ಲೆಡೆಯೂ ನಡೆಯಿತು. ವಿಕೇಂದ್ರಿತ ಜಾಲದಲ್ಲಿ ಅಂಥ ಒಂದು ಕೈ ಇಲ್ಲ. ಪ್ರತಿಯೊಂದು ಮನೆಯವನೂ ತನ್ನ ತೂಬನ್ನು ತಾನೇ ಮುಚ್ಚಬೇಕು. ಮೇಲಿನ ಏರಿ ಒಡೆದ ದಿನ ಕೆಳಗಿನವನು ಮಲಗಿದ್ದರೆ ಅವನ ಕೆರೆಯೂ ಹೋಗುವುದು.

ಮೂರನೆಯ ದೋಷವು, ಸಣ್ಣ ಒಡೆಯನೂ ಒಡೆಯನೇ ಆಗಿರುವುದು. ಮಸ್ಟೊಡಾನಿನಲ್ಲಿ ಇಬ್ಬರು ಗುಟ್ಟಾಗಿ ಬರೆದುಕೊಂಡುದನ್ನು ಸರ್ವರಿನ ಪಾಲಕನು ಓದಬಲ್ಲನು. ಅವನು ಬೇಸತ್ತರೆ ಮನೆಯೇ ಮುಚ್ಚುವುದು. ಒಬ್ಬರೇ ನಡೆಸುತ್ತಿದ್ದ ಮಸ್ಟೊಡಾನ್ ಟೆಕ್ನಾಲಜಿ ಎಂಬ ಸರ್ವರು 2022ರ ಕೊನೆಯಲ್ಲಿ ಹೀಗೆ ಮುಚ್ಚಿತು. ಅಂಥ ಮನೆಯಿಂದ ಹೊರಟವರು ತಮ್ಮ ಅನುಯಾಯಿಗಳನ್ನು ಹೊಸ ಮನೆಗೆ ಕರೆದೊಯ್ಯಬಹುದು. ಹಳೆಯ ಬರೆಹಗಳು ಮಾತ್ರ ಅವರೊಡನೆ ಹೋಗವು.

ನಾಲ್ಕನೆಯದು ಜನವಿಲ್ಲದಿರುವುದು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆದಾಗ, ಭಾರತದ ಅನೇಕರು ಮಸ್ಟೊಡಾನಿಗೆ ವಲಸೆ ಹೋದರು. ಮಾತನಾಡಿಸುವವರು ಸಾಲದೆ ಹಲವರು ಮರಳಿದರು. ಪಿರಿಯಾಪಟ್ಟಣದ ರೈತನಿಗೆ ಹೊಗೆಸೊಪ್ಪಿನ ಹರಾಜಿನ ದರ ಇಂದೇ ತಿಳಿಯಬೇಕು; ಹೆಗ್ಗಡದೇವನಕೋಟೆಯ ಕಾಡಂಚಿನವನಿಗೆ ಆನೆ ಹೊಲಕ್ಕಿಳಿದ ಸುದ್ದಿ ಈ ಗಳಿಗೆಯಲ್ಲಿಯೇ ಬೇಕು. ನೆರೆಹೊರೆಯವರೆಲ್ಲ ಇರುವ ಗುಂಪನ್ನು ಬಿಟ್ಟು ಬರಿದಾದ ಮನೆಗೆ ಬಾರೆಂದು ಅವನನ್ನು ಕರೆಯುವುದು ನ್ಯಾಯವಲ್ಲ.

ಹೀಗಿರಲಾಗಿ ನನ್ನ ಅಭಿಪ್ರಾಯವಿದು. ದೊಡ್ಡ ಕಂಪೆನಿಯು ನಮ್ಮ ಸ್ವಾತಂತ್ರ್ಯವನ್ನು ಕೊಂಡು, ಅದಕ್ಕೆ ಬದಲಾಗಿ ದುಡಿಮೆಯ ಹೊರೆಯನ್ನು ನಮ್ಮಿಂದ ಇಳಿಸಿರುವುದು. ಸ್ವಾತಂತ್ರ್ಯವನ್ನು ಮರಳಿ ಬೇಡುವವನು ಆ ಹೊರೆಯನ್ನೂ ಮರಳಿ ಹೊರಬೇಕು. ಊರವರು ಕೂಡಿ ಹೂಳು ತೆಗೆದಷ್ಟು ಕಾಲ ಕೆರೆ ಊರಿನದು. ನೀರುಗಂಟಿಯೊಬ್ಬನಿಗೇ ಬಿಟ್ಟರೆ ಅದು ಯಾರದೂ ಅಲ್ಲ. ಒಡೆತನಕ್ಕೆ ಕಾಯಕವೇ ಬೆಲೆ.

ಆದಕಾರಣ ತರುಣರಲ್ಲಿ ನನ್ನ ವಿಜ್ಞಾಪನೆಯೇನೆಂದರೆ: ಮನೆಯನ್ನು ಕಟ್ಟಿರಿ, ಆದರೆ ಚಿಕ್ಕದಾಗಿ ಕಟ್ಟಿರಿ. ಮೊದಲು ಉಪನ್ಯಾಸಗಳನ್ನೂ ಗ್ರಂಥಗಳನ್ನೂ ಮಾತ್ರ ಅಲ್ಲಿ ಇಡಿರಿ. ದಿನದ ಸುದ್ದಿಗೆ ಈಗಿರುವ ಗುಂಪುಗಳೇ ಇರಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ಒಬ್ಬೊಬ್ಬರಂತೆ ನಾಲ್ವರು ಪಾಲಕರಿರಲಿ, ಅವರಲ್ಲಿ ಇಬ್ಬರಾದರೂ ತಾಯಂದಿರಾಗಿರಲಿ. ಬೀಗದ ಕೈ ಒಬ್ಬರಲ್ಲಿಯೇ ಇರದಿರಲಿ. ಖರ್ಚಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಈ ಸಭೆಯಲ್ಲಿ ಓದಿರಿ. ಪ್ರತಿಯೊಂದರ ನಕಲನ್ನೂ ಬೇರೆ ಎರಡು ಊರುಗಳಲ್ಲಿ ಇಡಿರಿ. ಖಚಿತವಾಗದ ಸುದ್ದಿಯನ್ನು ದಾಟಿಸದಿರುವುದನ್ನು ವ್ರತವಾಗಿ ಹಿಡಿಯಿರಿ. ಒಂದು ವರ್ಷ ಇಷ್ಟನ್ನು ನಡೆಸಿ ತೋರಿಸಿದರೆ, ಮುಂದಿನ ವಿಸ್ತಾರವನ್ನು ಬೇಡಲು ನಿಮಗೆ ಅಧಿಕಾರವುಂಟು. ನಡೆಸಲಾರದೆ ಹೋದರೆ, ಕಳೆದುಹೋದ ಆ ಕಂಠಧ್ವನಿಗೆ ಕಂಪೆನಿಯೊಂದನ್ನೇ ಹೊಣೆಯೆನ್ನುವ ಬಾಯಿ ನಮಗಿರದು.

ಅಳಿದ ಧ್ವನಿಯನ್ನು ಮರಳಿ ತರಲಾರೆವು. ಆದರೆ ಆ ಗುರುಗಳ ಪಾಠವನ್ನು ಬರೆದಿಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆ ಹೊತ್ತಿಗೆಗಳನ್ನು ದಯಮಾಡಿ ಶ್ರೀಮಠಕ್ಕೆ ತಂದು ತೋರಿಸಿರಿ. ನಕಲು ಮಾಡಿಕೊಂಡು ಮೂಲವನ್ನು ನಿಮಗೇ ಒಪ್ಪಿಸುವೆವು. ಹೊಸ ಮನೆಯ ಮೊದಲನೆಯ ಸಂಪತ್ತು ಅದೇ ಆಗಲಿ.