ನೈಜರ್ ರೈತರ ಕೈಗೆ ಬಂದ ಫೋನು

ಪಶ್ಚಿಮ ಆಫ್ರಿಕಾದ ನೈಜರ್, ಬಹುಪಾಲು ಸಹಾರಾ ಮರಳುಗಾಡಿನಲ್ಲೇ ಇರುವ ದೇಶ. ಮಳೆ ಕಡಿಮೆ. ಸಜ್ಜೆ, ಜೋಳ, ಅಲಸಂದೆ ಬೆಳೆದು ಬದುಕುವ ಜನ. ಸಂತೆ ವಾರಕ್ಕೊಮ್ಮೆ. ದೂರದ ಸಂತೆಯ ಧಾರಣೆ ತಿಳಿಯಬೇಕಾದರೆ ಹಿಂದೆ ಹೆಚ್ಚಾಗಿ ಅಲ್ಲಿಗೆ ಹೋಗಿ ಬರಬೇಕಿತ್ತು.

2001ರಿಂದ 2006ರವರೆಗೆ ಅಲ್ಲಿ ಮೊಬೈಲ್ ಟವರುಗಳು ಒಂದೊಂದಾಗಿ ಎದ್ದವು. ಅರ್ಥಶಾಸ್ತ್ರಜ್ಞೆ ಜೆನ್ನಿ ಏಕರ್ ಆ ವರ್ಷಗಳ ಧಾನ್ಯದ ಬೆಲೆಗಳನ್ನು ಹೋಲಿಸಿ ನೋಡಿದರು. ಸಂತೆ ಸಂತೆಗಳ ನಡುವಿನ ಬೆಲೆಯ ಅಂತರ ಶೇಕಡಾ 10ರಿಂದ 16ರಷ್ಟು ತಗ್ಗಿತ್ತು.

ಆದರೆ ರೈತನಿಗೆ ಸಿಕ್ಕಿದ್ದೇನು? ಏಕರ್ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಾರ್ಸೆಲ್ ಫಾಫ್‌ಶಾಂ ಮುಂದೆ ಇದನ್ನೇ ಕೆದಕಿದರು. ರೈತನ ಕೈಗೆ ಬರುವ ಸರಾಸರಿ ಬೆಲೆ ಏರಿರಲಿಲ್ಲ. ಅಲಸಂದೆಯ ಬೆಲೆ ವರ್ಷದೊಳಗೆ ಏರಿಳಿಯುವುದು ಮಾತ್ರ ಕಡಿಮೆಯಾಗಿತ್ತು. ಅದೂ ಸಣ್ಣ ಮಾತಲ್ಲ, ನಿಜ. ಆದರೂ ಧಾರಣೆ ಗೊತ್ತಾದ ಮಾತ್ರಕ್ಕೆ ಮೂಟೆ ಸಂತೆ ಸೇರುವುದಿಲ್ಲ. ಗಾಡಿ ಬೇಕು, ರಸ್ತೆ ಬೇಕು, ಒಳ್ಳೆಯ ಬೆಲೆಗೆ ಕಾಯುವಷ್ಟು ದಿನ ಮನೆ ನಡೆಯಬೇಕು. ಫೋನು ಕೊಟ್ಟರೆ ಬಡತನ ಹೋಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇನ್ನೊಂದು ಪ್ರಯೋಗ. 2009ರಲ್ಲಿ ನೈಜರ್‌ನ ಹಳ್ಳಿಗಳಲ್ಲಿ ವಯಸ್ಕರಿಗೆ ಹೌಸಾ, ಝರ್ಮಾ ಭಾಷೆಗಳಲ್ಲಿ ಅಕ್ಷರ ಕಲಿಸುವ ತರಗತಿಗಳು ಶುರುವಾದವು. ಕೆಲವು ಹಳ್ಳಿಗಳಲ್ಲಿ ಸಾದಾ ಫೋನನ್ನೂ ಪಾಠಕ್ಕೆ ಸೇರಿಸಿದರು. ಅಲ್ಲಿನ ಗಂಡಸರು, ಹೆಂಗಸರು ಬರಹ, ಲೆಕ್ಕ ಎರಡರಲ್ಲೂ ಉಳಿದವರಿಗಿಂತ ಮುಂದಿದ್ದರು. ಬಿತ್ತನೆಯ ಕಾಲಕ್ಕೆ ತರಗತಿ ನಿಂತರೂ, ಸಂದೇಶ ಓದಲು, ಬರೆಯಲು ಕಲಿತವರಿಗೆ ಅಭ್ಯಾಸಕ್ಕೆ ಫೋನಿತ್ತು.